ಮೂರು ನೆಗೆಟಿವ್, ಒಂದು ದಾಸವಾಳ: ಕೊನೆಗೂ ಬಣ್ಣ ಬಂತು

ಒಂದೇ ಹೂವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಮೂರು ಸಲ ತೆಗೆದು, ಆ ನೆಗೆಟಿವ್‌ಗಳಿಂದ ನೀಲಿ-ಹಸಿರು, ಗುಲಾಬಿ, ಹಳದಿ ಬಣ್ಣದ ಮೂರು ಪಾರದರ್ಶಕ ಪದರ ಮಾಡಿ ಜೋಡಿಸುವ ಹಳೆಯ ಕಲೆ ಇದು. ಕಳೆದ ವಾರ ಆ ಮೂರು ಪದರಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದೆ. ದಾಸವಾಳ ಕೆಂಪಗೆ, ಎಲೆ ಹಸಿರಾಗಿ, ಹಿಂದಿನ ಗೋಡೆ ಸುಣ್ಣದ ಬಿಳಿಯಾಗಿ ಕಂಡಿತು. "ಫೋಟೋಶಾಪ್‌ನಲ್ಲಿ ಎರಡು ನಿಮಿಷದ ಕೆಲಸ, ಸುಮ್ನೆ ದುಡ್ಡು ದಂಡ" ಎಂದಿದ್ದ ಗೆಳೆಯರನ್ನು ಅದೇ ಸಂಜೆ ಮನೆಗೆ ಕರೆದು ತೋರಿಸಿದೆ.

ಈ ಹುಚ್ಚು ಹತ್ತಿಸಿದ್ದು ಆಕ್ಸ್‌ಫರ್ಡಿನ ಸಾರಾ ಆಂಜೆಲಿನಾ ಆಕ್ಲಂಡ್. ಹುಟ್ಟಿದ್ದು 1849ರಲ್ಲಿ, ಬಣ್ಣದ ಫೋಟೋಕ್ಕೆ ಕೈ ಹಾಕಿದ್ದು ಐವತ್ತರ ಹೊತ್ತಿಗೆ, ಅದೂ ಬರೀ ಹವ್ಯಾಸವಾಗಿ. 1903ರಲ್ಲಿ ಜಿಬ್ರಾಲ್ಟರಿನ ಅಣ್ಣನ ಮನೆಗೆ ಹೋದಾಗ ಅಲ್ಲಿನ ಗಿಡಮರಗಳನ್ನೂ ಕಡಲನ್ನೂ ಬಣ್ಣದಲ್ಲಿ ಹಿಡಿದರು. ಒಂದೇ ಸಲಕ್ಕೆ ಬಣ್ಣ ಹಿಡಿಯುವ ಆಟೋಕ್ರೋಮ್ ಗಾಜಿನ ಪ್ಲೇಟ್ ಮಾರುಕಟ್ಟೆಗೆ ಬಂದದ್ದೇ ಆಮೇಲೆ, 1907ರಲ್ಲಿ! ಇಂಥವರ ಹೆಸರನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಅವರದು ಸ್ಯಾಂಗರ್ ಶೆಫರ್ಡ್ ವಿಧಾನ, ಅಂದರೆ ಇದೇ ಮೂರು ಪದರದ ದಾರಿ. ನಾನು ಸ್ವಲ್ಪ ಬದಲಿಸಿ ಮೂರೂ ಪದರಗಳನ್ನು, ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಉಳಿದದ್ದು ಬಿಸಿನೀರಲ್ಲಿ ಕರಗಿಹೋಗುವ ಡೈಕ್ರೋಮೇಟ್ ಜೆಲಟಿನ್‌ನಲ್ಲೇ ಮಾಡಿದೆ. 4×5 ಇಂಚಿನ ಬಿಡಿ ಹಾಳೆಯ ಫಿಲ್ಮ್, 25 (ಕೆಂಪು), 58 (ಹಸಿರು), 47 (ನೀಲಿ) ನಂಬರಿನ ಫಿಲ್ಟರ್. ಮೊದಲ ಸೆಟ್‌ನಲ್ಲಿ ಶಾಟ್‌ಗಳ ನಡುವೆ ಹತ್ತು ನಿಮಿಷ ಬಿಟ್ಟಿದ್ದೆ, ಅಷ್ಟರಲ್ಲಿ ದಳ ಕೂದಲೆಳೆಯಷ್ಟು ಅರಳಿತ್ತು, ಅಂಚಿಗೆಲ್ಲ ಹಸಿರು ಗುಲಾಬಿ ಗೆರೆ. ನೀಲಿ ಫಿಲ್ಟರಿನ ನೆಗೆಟಿವ್ ಪ್ರತಿ ಸಲ ಸಪ್ಪೆ. ಅದಕ್ಕೆ ಡೆವಲಪರ್‌ನಲ್ಲಿ ಕಾಲು ಭಾಗ ಜಾಸ್ತಿ ಹೊತ್ತು ಕೊಟ್ಟ ಮೇಲೆ ಸರಿಹೋಯಿತು.

ನಿಜವಾದ ಕಷ್ಟ ಜೆಲಟಿನ್‌ದು. ಸುಮಾರು ಇಪ್ಪತ್ತು ಶೀಟ್ ಹಾಳಾದವು. ಬಿಸಿನೀರಿಗೆ ಹಾಕಿದ್ದೇ ತಡ, ಚಿತ್ರ ಹಾಲಿನ ಕೆನೆಯ ಹಾಗೆ ಎದ್ದು ತೇಲುತ್ತಿತ್ತು. ತಪ್ಪು ನನ್ನದೇ: ಜೆಲಟಿನ್ ಇರುವ ಕಡೆಯಿಂದ ಬಿಸಿಲು ಕೊಟ್ಟಿದ್ದೆ, ಮೇಲ್ಪದರ ಗಟ್ಟಿಯಾಗಿ ಬುಡ ಕರಗಿಹೋಗುತ್ತಿತ್ತು. ಫಿಲ್ಮ್ ತಿರುಗಿಸಿ ಹಿಂಬದಿಯಿಂದ ಕೊಟ್ಟೆ, ನಿಂತಿತು. ಇನ್ನೊಂದು, ನಮ್ಮ ಸೆಕೆಗೆ ಡೈಕ್ರೋಮೇಟ್ ಹಚ್ಚಿದ ಶೀಟನ್ನು ಮರುದಿನಕ್ಕೆ ಇಡಬೇಡಿ, ಕತ್ತಲಲ್ಲೇ ಗಟ್ಟಿಯಾಗುತ್ತದೆ.

ನಡುವೆ ಹಳದಿ ಪದರಕ್ಕೆ ಅಡುಗೆಮನೆಯ ಅರಿಶಿನ ಹಾಕಿ ನೋಡಿದೆ. ಎಂಥಾ ಚೆಂದದ ಬಣ್ಣ ಅಂತೀರಿ! ಆದರೆ ಕಿಟಕಿಯಲ್ಲಿ ನಾಲ್ಕೇ ದಿನಕ್ಕೆ ಮಂಕಾಯಿತು. ಈಗ ಟಾರ್ಟ್ರಜಿನ್ ಅನ್ನುವ ಹಳದಿ ಕೃತಕ ಬಣ್ಣ. ಗುಲಾಬಿ ಪದರಕ್ಕೆ ಏನು ಹಾಕಿದೆ, ಎಷ್ಟು ವಿನೆಗರ್ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಟ್ಟು ಖರ್ಚು ಹದಿನೆಂಟೋ ಇಪ್ಪತ್ತೋ ಸಾವಿರ, ಅರ್ಧಕ್ಕಿಂತ ಜಾಸ್ತಿ ಫಿಲ್ಮಿಗೇ. ಏಳೆಂಟು ತಿಂಗಳ ಭಾನುವಾರಗಳು ಬೇರೆ. ಮುಂದಿನದು ಹಿತ್ತಲಿನ ಬಾಳೆಗೊನೆ, ಗಾಳಿಯಿಲ್ಲದ ಒಂದು ಬೆಳಗ್ಗೆ ಸಿಕ್ಕರೆ ಸಾಕು.