ನಯಾಗರಾ ಎಲ್ಲಿಗೂ ಓಡಿಹೋಗಲ್ಲ

ರಜೆಗೆ ಹಾಸನಕ್ಕೆ ಬಂದು ಹತ್ತು ದಿನವಾಯಿತು. ನಿನ್ನೆ ಸಂಜೆ ಅಮ್ಮನ ಮನೆ ಜಗುಲಿಗೆ ಮೂಡಿಗೆರೆ ಕಡೆಯ ಹೊಸ ಜೋಡಿಯೊಂದು ಬಂದಿತ್ತು. ಮದುವೆಯಾಗಿ ಮೂರು ತಿಂಗಳು. ಮುಂದಿನ ತಿಂಗಳು ಅಮೆರಿಕದ ನ್ಯೂಜೆರ್ಸಿಗೆ ಹೊರಡುತ್ತಾರೆ, ಅಲ್ಲಿನ ಎಡಿಸನ್ ಊರಿನ ಹತ್ತಿರ ಹುಡುಗನಿಗೆ ಕೆಲಸ. ಹುಡುಗಿ ಬ್ಯಾಂಕ್ ಖಾತೆ, ಚಳಿಯ ಕೋಟು ಒಂದನ್ನೂ ವಿಚಾರಿಸಲಿಲ್ಲ. "ಅಕ್ಕಾ, ಶನಿವಾರ ಭಾನುವಾರ ಅಲ್ಲಿ ಏನ್ ಮಾಡ್ತೀರ?" ಅಂದಳು. ನಾನು ಅಲ್ಲಿಗೆ ಹೋಗಿ 14 ವರ್ಷವಾಯಿತು, ಯಾವ ಹೊಸಬರೂ ಇದನ್ನು ಮೊದಲು ಕೇಳಿದ್ದಿಲ್ಲ. ಕೇಳಬೇಕಾದ್ದು ಇದನ್ನೇ. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಸಕಲೇಶಪುರ, ಬೇಲೂರು, ಕಡೂರು, ಕೊಪ್ಪದಿಂದ ಸೂಟ್‌ಕೇಸ್ ಕಟ್ಟುತ್ತಿರುವ ಬೇರೆ ಜೋಡಿಗಳಿಗೂ ಬೇಕಾದೀತು.

ಅಲ್ಲಿ ವಾರದ ಐದು ದಿನ ಒಬ್ಬರು ಆಫೀಸಿಗೆ ಹೋದರೆ, ಡಿಪೆಂಡೆಂಟ್ ವೀಸಾದಲ್ಲಿ ಬಂದವರು ಮನೆಯ ಗೋಡೆ ನೋಡಿಕೊಂಡು ಕೂತಿರುತ್ತಾರೆ. ಶನಿವಾರ ದಿನಸಿ, ಬಟ್ಟೆ ಒಗೆಯುವುದು. ಭಾನುವಾರ ಯಾರದೋ ಮನೆಯ ಊಟ. ಊಟಕ್ಕೆ ಹೋಗಬೇಡಿ ಅನ್ನಲ್ಲ, ಆದರೆ ಎರಡರಲ್ಲಿ ಒಂದು ದಿನವನ್ನಾದರೂ ನಿಮಗಿಬ್ಬರಿಗೇ ಇಟ್ಟುಕೊಳ್ಳಿ.

ಹಾಗಂತ ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ನಯಾಗರಾಕ್ಕೆ ಹೊರಡಬೇಡಿ. ನಾವು ಹೊರಟಿದ್ದೆವು. ಶುಕ್ರವಾರ ರಾತ್ರಿ ಆಫೀಸ್ ಬಿಟ್ಟ ಮೇಲೆ, ಸುಮಾರು 400 ಮೈಲಿ, ಓಡಿಸಲು ಬರುವುದು ಒಬ್ಬರಿಗೇ. ಜಲಪಾತದ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದು ನಿಜ. ಭಾನುವಾರ ವಾಪಸ್ ಬರುವಾಗ ಕಾರಿನಲ್ಲಿ ಮಾತಾಡಿದ್ದು ಜಿಪಿಎಸ್ ಒಂದೇ.

ನಾವು ಹಾಸನದವರು ಹಳೇಬೀಡನ್ನು ನೋಡುವುದೇ ಬೆಂಗಳೂರಿನಿಂದ ನೆಂಟರು ಬಂದಾಗ. ಆ ಚಾಳಿಯನ್ನು ಅಲ್ಲಿಗೆ ಒಯ್ಯಬೇಡಿ. ಮೊದಲ ಎರಡು ತಿಂಗಳು ಒಂದೂವರೆ ಗಂಟೆಯೊಳಗಿನ ಜಾಗ ಸಾಕು. ಎಡಿಸನ್‌ನಿಂದ ಪಶ್ಚಿಮಕ್ಕೆ ಹೋದರೆ ಡೆಲವೇರ್ ವಾಟರ್ ಗ್ಯಾಪ್. ಡೆಲವೇರ್ ನದಿ ಬೆಟ್ಟವನ್ನು ಸೀಳಿಕೊಂಡು ಹರಿಯುವ ಜಾಗ ಅದು. ಪಕ್ಕದ ಮೌಂಟ್ ಟ್ಯಾಮನಿ 500 ಮೀಟರ್ ಕೂಡ ಇಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿ ಕಂಡವರಿಗೆ ನಗು ಬರಬಹುದು. ಆದರೆ ಗಿರಿಗೆ ಜೀಪು ಬಹುಪಾಲು ಮೇಲಿನವರೆಗೂ ಹೋಗುತ್ತದೆ, ಇಲ್ಲಿ ಕಲ್ಲಿನ ಮೇಲೆ ಬುಡದಿಂದಲೇ ಹತ್ತಬೇಕು. ಬೆಳಗ್ಗೆ ಬೇಗ ಹೋಗಿ, ತಡವಾದರೆ ಪಾರ್ಕಿಂಗ್ ಸಿಗಲ್ಲ. ಅಕ್ಕಿರೊಟ್ಟಿ ಚಟ್ನಿ ಕಟ್ಟಿಕೊಂಡು ಹೋದರೆ ಬುತ್ತಿಯನ್ನು ಎಲ್ಲೆಂದರಲ್ಲಿ ಬಿಡಬೇಡಿ, ಅಲ್ಲಿ ಕಪ್ಪು ಕರಡಿಗಳಿವೆ.

ಅಕ್ಟೋಬರಿನಲ್ಲಿ ಎಲೆ ಕೆಂಪಾಗುವಾಗ ನ್ಯೂಯಾರ್ಕ್ ರಾಜ್ಯದ ಪೋರ್ಟ್ ಜರ್ವಿಸ್ ಪಕ್ಕದ 97ನೇ ರಸ್ತೆಗೆ ಹೋಗಿ. ಹಾಕ್ಸ್ ನೆಸ್ಟ್ ಅನ್ನುತ್ತಾರೆ. ನದಿಯ ಮೇಲಿನ ಕಡಿದಾದ ಬಂಡೆಗೆ ಅಂಟಿಕೊಂಡು ಬಳುಕುವ ರಸ್ತೆ. ಚಾರ್ಮಾಡಿ ನೆನಪಾಗದಿದ್ದರೆ ಕೇಳಿ. ಅದೇ ಕಾಲದಲ್ಲಿ ಜಿಂಕೆಗಳು ಸಂಜೆ ಕತ್ತಲಲ್ಲಿ ರಸ್ತೆಗೆ ನುಗ್ಗುತ್ತವೆ. ಸಕಲೇಶಪುರದ ಆನೆ ಬೋರ್ಡಿಗೆ ಹೆದರುವಷ್ಟೇ ಅಲ್ಲಿನ ಜಿಂಕೆ ಬೋರ್ಡಿಗೂ ಹೆದರಿ. ಒಂದು ದಾಟಿತೆಂದು ಗೇರ್ ಹಾಕಬೇಡಿ, ಹಿಂದೆ ಇನ್ನೊಂದು ಇದ್ದೇ ಇರುತ್ತದೆ.

ಇಷ್ಟು ಹೇಳುವಾಗ ಹುಡುಗ ಮೆಲ್ಲಗೆ, "ನಂಗೆ ಬೈಕ್ ಬಿಟ್ರೆ ಬೇರೆ ಬರಲ್ಲ ಅಕ್ಕಾ, ತೋಟದ ಜೀಪು ಓಡಿಸೋದು ಇವಳೇ" ಅಂದ. ಎಷ್ಟು ಸಂತೋಷವಾಯಿತೆಂದರೆ, ಅಮ್ಮನಿಗೆ ಇನ್ನೊಂದು ಲೋಟ ಕಾಫಿ ಹೇಳಿದೆ. ಇಬ್ಬರೂ ಓಡಿಸಲು ಕಲಿಯಲೇಬೇಕು. ಮನೆಯಲ್ಲಿರುವವರು ಮೊದಲು ಕಲಿಯಬೇಕು. ಊರಿನ ಲೈಸೆನ್ಸ್ ಇದ್ದವರು ಹೊರಡುವ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಅದು ಶುರುವಿಗಷ್ಟೇ. ಅಲ್ಲಿ ನೆಲೆಸಿದ ಮೇಲೆ ಆ ರಾಜ್ಯದ ಲೈಸೆನ್ಸನ್ನು ಬೇಗ ಮಾಡಿಸಬೇಕು. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಇಬ್ಬರ ಹೆಸರೂ ಬರೆಸಿ.

ಹಿಂದೆ ಪೊಲೀಸ್ ಗಾಡಿಯ ದೀಪ ಮಿನುಗಿದರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟಿಯರಿಂಗ್ ಮೇಲೆ ಕಾಣುವಂತಿರಲಿ. ನಮ್ಮೂರಿನ ಹಾಗೆ ಇಳಿದು "ಸಾರ್" ಅನ್ನುತ್ತ ನಡೆದುಹೋಗಬೇಡಿ. ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಹಾಕಿ ನಿಂತರೆ ನೀವೂ ನಿಲ್ಲಿ. ನಡುವೆ ಡಿವೈಡರ್ ಇಲ್ಲದಿದ್ದರೆ ಎದುರಿನಿಂದ ಬರುವವರೂ ನಿಲ್ಲಬೇಕು.

ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನೀವೇ ಹಾಕಿಕೊಳ್ಳುವುದು 1949ರಿಂದ ಕಾನೂನಿಗೆ ವಿರುದ್ಧ. ಹಾಸನದ ಬಂಕಿನಂತೆ ಹುಡುಗ ಬಂದು ಹಾಕುತ್ತಾನೆ. ಇದು ಅಭ್ಯಾಸವಾಗಿ, ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದ ದಿನ ಹತ್ತು ನಿಮಿಷ ಕಾರಿನಲ್ಲೇ ಕೂತು ಕಾದಿದ್ದೇವೆ, ಯಾರೂ ಬರಲಿಲ್ಲ! ಇಳಿದು ಕಾರ್ಡ್ ಹಾಕಿದರೆ ಯಂತ್ರ ಜಿಪ್ ಕೋಡ್ ಕೇಳಿತು. ಅದು ಕಾರ್ಡಿನ ಬಿಲ್ ಬರುವ ವಿಳಾಸದ ಪಿನ್‌ಕೋಡ್, ಎಟಿಎಂ ಪಿನ್ ಅಲ್ಲ. ಟೋಲಿಗೆ ಇಲ್ಲಿ ಫಾಸ್ಟ್‌ಟ್ಯಾಗ್ ಇದ್ದ ಹಾಗೆ ಅಲ್ಲಿ ಇಝಡ್‌ಪಾಸ್. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋಗುವಾಗ ದುಡ್ಡು, ವಾಪಸ್ ಬರುವಾಗ ಇಲ್ಲ. ನ್ಯೂಜೆರ್ಸಿ ಬಿಟ್ಟು ಹೋಗೋದಕ್ಕೆ ಕಾಸು ಕೊಡ್ತೀವಿ ಅಂತ ಅಲ್ಲಿಯವರದ್ದೇ ಒಂದು ಜೋಕಿದೆ.

ಇನ್ನು ಸಂಗೀತ. ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಸಂಕೋಚಪಡಬೇಕಿಲ್ಲ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ. ಕಾವೇರಿ ದಂಡೆಯ ಆ ಪುಟ್ಟ ಊರು ಎಷ್ಟು ವಿದ್ವಾಂಸರನ್ನು ಕೊಟ್ಟಿದೆ! ಕರ್ನಾಟಕ ಸಂಗೀತ ಬೇಕೆಂದರೆ ನ್ಯೂಜೆರ್ಸಿಯಲ್ಲೇ ಕಛೇರಿಗಳಾಗುತ್ತವೆ. ಒಂದೆರಡು ವರ್ಷ ಕಳೆದು ಕೈ ಪಳಗಿದ ಮೇಲೆ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಉತ್ಸವಕ್ಕೆ ಹೋಗಿ. 1978ರಿಂದ ನಡೆದುಬಂದಿದೆ, ಸಾಮಾನ್ಯವಾಗಿ ಈಸ್ಟರ್ ಆಸುಪಾಸಿನಲ್ಲಿ. ಕಾರಿನಲ್ಲಿ ಏಳೆಂಟು ಗಂಟೆಯ ದಾರಿ, ಇಬ್ಬರೂ ಓಡಿಸಿದರೆ ಭಾರವಾಗಲ್ಲ.

ಪಾಶ್ಚಾತ್ಯ ಸಂಗೀತ ಕೇಳಿ ಅಭ್ಯಾಸವಿಲ್ಲ ಅಂತ ಬಿಡಬೇಡಿ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಅನ್ನುವ ವಾದ್ಯವೃಂದದವರು 1965ರಿಂದ ಬೇಸಿಗೆಯಲ್ಲಿ ಪಾರ್ಕುಗಳಲ್ಲಿ ಬಿಟ್ಟಿ ಕಛೇರಿ ಕೊಡುತ್ತ ಬಂದಿದ್ದಾರೆ. ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ ಚಿತ್ರಾನ್ನ ತಿನ್ನುತ್ತ ವಯಲಿನ್ ಕೇಳಿದೆವು. ಪಕ್ಕದವರು ನಮ್ಮ ಡಬ್ಬಿಯನ್ನೇ ನೋಡುತ್ತಿದ್ದರು, ಒಂದು ತುತ್ತು ಕೊಟ್ಟೆ. ಅಂಥ ದಿನ ಕಾರು ಬೇಡ, ಎಡಿಸನ್‌ನಿಂದ ನೇರ ರೈಲಿದೆ. ವಾಪಸ್ ಬರುವ ರೈಲಿನ ಸಮಯ ಮೊದಲೇ ನೋಡಿಕೊಂಡಿರಿ.

ದೊಡ್ಡ ಷೋಗಳಿಗೆ ಹೋಮ್‌ಡೆಲ್‌ನಲ್ಲಿ ಬಯಲು ರಂಗಮಂದಿರವಿದೆ, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಯ 116ನೇ ಎಕ್ಸಿಟ್. ಚಾವಣಿಯ ಕೆಳಗಿನ ಕುರ್ಚಿಗಿಂತ ಹಿಂದಿನ ಹುಲ್ಲಿನ ಇಳಿಜಾರಿನ ಟಿಕೆಟ್ ಸಾಮಾನ್ಯವಾಗಿ ಅಗ್ಗ. ಎಂಥ ಚೀಲ ಬಿಡುತ್ತಾರೆ ಅನ್ನುವುದನ್ನು ಟಿಕೆಟ್ ಜೊತೆಗೇ ಓದಿಕೊಳ್ಳಿ, ನನ್ನ ದೊಡ್ಡ ವ್ಯಾನಿಟಿ ಬ್ಯಾಗನ್ನು ಒಮ್ಮೆ ಬಾಗಿಲಿನಿಂದ ಕಾರಿಗೆ ವಾಪಸ್ ಒಯ್ಯಬೇಕಾಯಿತು. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಪಾರ್ಕಿಂಗಿಗೆ ಓಡುತ್ತಾರೆ. ನಾವು ಓಡಲ್ಲ. ಕಾರಿನಲ್ಲಿ ಫ್ಲಾಸ್ಕ್ ಇಟ್ಟಿರುತ್ತೇವೆ, ಸಾಲು ಕರಗುವವರೆಗೆ ಅಮ್ಮ ಹುರಿದು ಕೊಟ್ಟ ಪುಡಿಯ ಕಾಫಿ ಕುಡಿಯುತ್ತ ಕೂರುತ್ತೇವೆ.

ಹೊರಡುವಾಗ ಹುಡುಗಿ, "ಇಲ್ಲಿಂದ ಏನ್ ತಗೊಂಡ್ ಹೋಗ್ಬೇಕು ಅಕ್ಕಾ?" ಅಂದಳು. ಕುಕ್ಕರ್ ಅಲ್ಲೇ ಸಿಗುತ್ತದೆ. ಪೇಟೆಯಲ್ಲಿ ಸಿಗುವ ಮಡಚೋ ಪ್ಲಾಸ್ಟಿಕ್ ಚಾಪೆ ಒಂದನ್ನು ಸೂಟ್‌ಕೇಸಿನ ತಳಕ್ಕೆ ಹಾಕು ಅಂದೆ. ನಮ್ಮದು ಅಂಚು ಹರಿದಿದೆ, ಈ ಸಲ ನಾನೂ ಒಂದು ಕೊಳ್ಳಬೇಕು.