ವಿಮರ್ಶಾತ್ಮಕ ಚಿಂತನೆಗೆ ಬೇರೆ ಪಿರಿಯಡ್ ಬೇಡ, ಪ್ರಶ್ನೆಪತ್ರಿಕೆ ಬದಲಿಸಿ

ಕಾಲೇಜಿನಲ್ಲಿ ವಿಮರ್ಶಾತ್ಮಕ ಚಿಂತನೆ ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ಸಾಮಾನ್ಯವಾಗಿ ಎರಡು ಕ್ರೆಡಿಟ್‌ನ ಹೊಸ ಪತ್ರಿಕೆಯೊಂದು ಹುಟ್ಟಿಕೊಳ್ಳುತ್ತದೆ. ತರ್ಕದೋಷಗಳ ಪಟ್ಟಿ ಬಾಯಿಪಾಠವಾಗುತ್ತದೆ, ಪರೀಕ್ಷೆ ಮುಗಿಯುತ್ತದೆ. ಅದೇ ವಿದ್ಯಾರ್ಥಿ ಮರುದಿನ ಅರ್ಥಶಾಸ್ತ್ರದ ಕಿರುಪರೀಕ್ಷೆಯಲ್ಲಿ ನೋಟ್ಸಿನ ಪ್ಯಾರಾವನ್ನು ಹಾಗೇ ಇಳಿಸಿ ಪೂರ್ತಿ ಅಂಕ ಪಡೆಯುತ್ತಾನೆ. ಯೋಚಿಸುವ ಅಗತ್ಯ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಅವನು ಸರಿಯಾಗಿಯೇ ಗ್ರಹಿಸಿದ್ದಾನೆ.

ಇದಕ್ಕೆ ವಿರುದ್ಧದ ತಪ್ಪೂ ಅಷ್ಟೇ ಸಾಮಾನ್ಯ: "ನಮ್ಮ ವಿಷಯ ಚೆನ್ನಾಗಿ ಕಲಿತರೆ ಚಿಂತನೆ ತಾನಾಗಿ ಬರುತ್ತದೆ" ಎಂದು ಸುಮ್ಮನಿರುವುದು. ಶಿಕ್ಷಣ ಸಂಶೋಧಕ ಅಬ್ರಾಮಿ ಮತ್ತು ಸಂಗಡಿಗರು ವಿಮರ್ಶಾತ್ಮಕ ಚಿಂತನೆಯ ಕಲಿಕೆಯ ಬಗ್ಗೆ ನಡೆದ 117 ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಹೆಸರೆತ್ತದೆ ವಿಷಯದೊಳಗೆ ಮುಳುಗಿಸಿಬಿಡುವ ಈ ವಿಧಾನದ ಪರಿಣಾಮವೇ ಎಲ್ಲಕ್ಕಿಂತ ಕಡಿಮೆಯಿತ್ತು. ಕೌಶಲವನ್ನು ಹೆಸರಿಟ್ಟು ಕಲಿಸಿ, ಜೊತೆಗೆ ವಿಷಯದ ಪಾಠದಲ್ಲೂ ಬಳಸಿದ ಮಿಶ್ರ ವಿಧಾನ ಮುಂದಿತ್ತು. ಹಾಗಾಗಿ ಎಲ್ಲ ವಿಭಾಗಗಳೂ ಬಳಸುವ ಕೆಲವೇ ಪದಗಳು ಬೇಕು, ಆ ಪದಗಳಿಗೆ ಪ್ರತಿ ವಿಷಯದಲ್ಲೂ ಅಂಕ ಬೇಕು. ಮುಂದೆ ಹೇಳುವುದೆಲ್ಲ ಈ ಎರಡನ್ನು ಮಾಡುವ ಬಗೆ.

ಐದು ಪದಗಳ ಒಪ್ಪಂದ

ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವೊಂದರ ಆರು ಅಂಗಗಳನ್ನು ಗುರುತಿಸಿದರು. ಕಾಲೇಜಿನ ಬಳಕೆಗೆ ಐದು ಸಾಕು: ಪ್ರತಿಪಾದನೆ, ಆಧಾರ, ಕೊಂಡಿ, ಎದುರುವಾದ, ಮಿತಿ. ಪದಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ, ಆದರೆ ಭೌತಶಾಸ್ತ್ರದವರು ಒಂದು, ಸಾಹಿತ್ಯದವರು ಇನ್ನೊಂದು ಹೇಳಬಾರದು. ಪ್ರಯೋಗಾಲಯದಲ್ಲಿ ಕೇಳಿದ ಪದವನ್ನೇ ಇತಿಹಾಸದ ತರಗತಿಯಲ್ಲಿ ಕೇಳಿದಾಗಲೇ ವಿದ್ಯಾರ್ಥಿಗೆ ಇವೆರಡೂ ಒಂದೇ ಕೆಲಸ ಎಂದು ಹೊಳೆಯುವುದು.

ಐದರಲ್ಲಿ ಕಷ್ಟದ್ದು ಕೊಂಡಿ. ಈ ಆಧಾರದಿಂದ ಆ ಪ್ರತಿಪಾದನೆಗೆ ಹೇಗೆ ಹೋದಿರಿ ಎಂಬ ಪ್ರಶ್ನೆಗೆ ಉತ್ತರವೇ ಕೊಂಡಿ. ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲ. ಕೆರೆಯೊಂದರಲ್ಲಿ ಮೀನುಗಳು ಸತ್ತಿವೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 1.5 ಮಿಲಿಗ್ರಾಂ ಇದೆ. ಹಾಗಾಗಿ ಆಮ್ಲಜನಕದ ಕೊರತೆಯಿಂದ ಸತ್ತವು ಎಂದು ವಿದ್ಯಾರ್ಥಿ ಬರೆಯುತ್ತಾಳೆ. "ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆಯಾದರೆ ಹೆಚ್ಚಿನ ಮೀನುಗಳು ಉಳಿಯಲಾರವು" ಎಂಬ ಕೊಂಡಿ ಹಾಳೆಯ ಮೇಲೆ ಬಂದ ಮೇಲೆಯೇ ಮುಂದಿನ ಪ್ರಶ್ನೆಗಳಿಗೆ ದಾರಿ. ಅಳತೆ ಮಾಡಿದ್ದು ಮೀನು ಸಾಯುವ ಮೊದಲೋ, ಆಮೇಲೋ? ಸತ್ತ ಮೀನು ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ, ಅಂದರೆ ಕಾರಣವೆಂದುಕೊಂಡದ್ದು ಪರಿಣಾಮವೂ ಆಗಿರಬಹುದು. ಇದು ಎದುರುವಾದ. ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಅಳೆದದ್ದು ಮಿತಿ: ಕೆರೆಯ ಆಮ್ಲಜನಕ ಬೆಳಗಿನ ಜಾವಕ್ಕೆ ತಳಮುಟ್ಟುತ್ತದೆ, ಮಧ್ಯಾಹ್ನಕ್ಕೆ ಏರುತ್ತದೆ.

ಪ್ರಶ್ನೆಯನ್ನು ತಿರುಗಿಸಿ ಬರೆಯುವುದು

ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ವಿವರಿಸಿ, ಪಟ್ಟಿಮಾಡಿ, ಟಿಪ್ಪಣಿ ಬರೆಯಿರಿ ಇವೇ ತುಂಬಿರುತ್ತವೆ. ಕ್ರಿಯಾಪದವನ್ನಷ್ಟೇ "ವಿಮರ್ಶಿಸಿ" ಎಂದು ಬದಲಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ನೋಟ್ಸಿನಲ್ಲಿ ವಿಮರ್ಶೆಯ ಪ್ಯಾರಾವೂ ಸಿದ್ಧವಾಗಿದ್ದರೆ ಅದೂ ಬಾಯಿಪಾಠವೇ. ಪರೀಕ್ಷಿಸುವ ಸುಲಭ ದಾರಿಯೊಂದಿದೆ: ಪುಸ್ತಕದ ಒಂದೇ ಪುಟವನ್ನು ನಕಲು ಮಾಡಿದರೆ ಪೂರ್ತಿ ಅಂಕ ಬರುವುದಾದರೆ ಪ್ರಶ್ನೆ ಇನ್ನೂ ತಿರುಗಿಲ್ಲ.

ಇತಿಹಾಸದಲ್ಲಿ "ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ವಿವರಿಸಿ" ಎಂಬುದನ್ನು ಹೀಗೆ ಕೇಳಬಹುದು: "ಖಜಾನೆಯ ದಿವಾಳಿ, 1788ರ ಬೆಳೆನಾಶ, ಜ್ಞಾನೋದಯದ ವಿಚಾರಗಳು. ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಕ್ರಾಂತಿ 1789ರಲ್ಲೇ ಆಗುತ್ತಿತ್ತು? ಒಂದನ್ನು ಆರಿಸಿ ವಾದಿಸಿ. ನಿಮ್ಮ ವಾದಕ್ಕೆ ಹೆಚ್ಚು ತೊಂದರೆ ಕೊಡುವ ಸಂಗತಿ ಯಾವುದು?" ರಸಾಯನಶಾಸ್ತ್ರದಲ್ಲಿ ಟೈಟ್ರೇಷನ್ನಿನ (ಒಂದು ದ್ರಾವಣದೊಡನೆ ಪೂರ್ತಿ ವರ್ತಿಸಲು ಇನ್ನೊಂದು ಎಷ್ಟು ಬೇಕೆಂದು ಅಳೆಯುವ ಪ್ರಯೋಗ) ಮೂರು ಅಳತೆಗಳನ್ನು ನೀವೇ ಕೊಡಿ: 24.6, 24.5, 26.1 ಮಿಲಿಲೀಟರ್. ಮೂರನೆಯದನ್ನು ಕೈಬಿಡಬಹುದೇ, ಯಾವ ಆಧಾರದ ಮೇಲೆ? ದ್ರಾವಣವನ್ನು ಅಳೆದು ಹನಿಸುವ ಕೊಳವೆಯಾದ ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದು ನಡುವೆ ಹೊರಬಿದ್ದಿದ್ದರೆ ಅಳತೆ ಯಾವ ಕಡೆಗೆ ಸರಿಯುತ್ತದೆ? ಉತ್ತರ ಹೆಚ್ಚಿನ ಕಡೆಗೆ. 26.1ಕ್ಕೆ ಅದೊಂದು ಸಾಧ್ಯ ವಿವರಣೆ, ಆದರೆ ಸಾಬೀತಲ್ಲ. ವಾಣಿಜ್ಯದಲ್ಲಿ ಲಾಭ ಶೇ. 12 ಏರಿದ, ಆದರೆ ಕಾರ್ಯಾಚರಣೆಯ ನಗದು ಹರಿವು (ವ್ಯವಹಾರದಿಂದ ನಿಜಕ್ಕೂ ಕೈಸೇರಿದ ಹಣ) ಋಣಾತ್ಮಕವಾದ ಕಂಪನಿಯ ಲೆಕ್ಕ ಕೊಟ್ಟು ಎರಡು ವಿವರಣೆ ಕೇಳಿ. ಎರಡರಲ್ಲಿ ಯಾವುದು ಸರಿ ಎಂದು ತಿಳಿಯಲು ಆಸ್ತಿ-ಹೊಣೆ ಪಟ್ಟಿಯ ಯಾವ ಸಾಲು ನೋಡುತ್ತೀರಿ ಎಂದೂ ಕೇಳಿ. ಸಾಲದ ಮಾರಾಟದ ಬಾಕಿ ಉಬ್ಬಿದೆಯೋ ದಾಸ್ತಾನು ಉಬ್ಬಿದೆಯೋ ಎಂಬಲ್ಲಿಗೆ ಬರಬೇಕು. ಪ್ರೋಗ್ರಾಮಿಂಗ್‌ನಲ್ಲಿ ಕೊಟ್ಟ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುವ ಕೋಡ್ ಕೊಟ್ಟು, ಅದನ್ನು ಕೆಡಿಸುವ ಇನ್‌ಪುಟ್ ಒಂದನ್ನು ಬರೆಯಲು ಹೇಳಿ. ಕವಿತೆಯ ಪಾಠದಲ್ಲಿ "ನಿಮ್ಮ ಓದಿಗೆ ಒಗ್ಗದ ಸಾಲು ಯಾವುದು?" ಎಂದು ಕೇಳಿದರಾಯಿತು, ನಮ್ಮ ಮಟ್ಟಿಗೆ ಇಡೀ ಪಠ್ಯಕ್ರಮದಲ್ಲೇ ಅತಿ ಅಗ್ಗದ, ಅತಿ ಉಪಯುಕ್ತ ಪ್ರಶ್ನೆ ಇದು.

ಎಲ್ಲ ಪ್ರಶ್ನೆಗಳನ್ನೂ ಹೀಗೆ ತಿರುಗಿಸಬೇಡಿ. ಪ್ರತಿ ಘಟಕಕ್ಕೆ ಒಂದು, ಒಟ್ಟು ಅಂಕದಲ್ಲಿ ಶೇ. 20ರಿಂದ 30. ಇದಕ್ಕಿಂತ ಕಡಿಮೆಯಾದರೆ ಆ ಪ್ರಶ್ನೆಯನ್ನು ಬಿಟ್ಟೇ ಪಾಸಾಗಬಹುದು ಎಂಬ ಲೆಕ್ಕ ವಿದ್ಯಾರ್ಥಿಗಳಿಗೆ ಬೇಗ ಗೊತ್ತಾಗುತ್ತದೆ. ಪೂರ್ತಿ ಅದೇ ಆದರೆ ವಿಷಯಜ್ಞಾನ ಸೊರಗುತ್ತದೆ. ಬ್ಯುರೆಟ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿಲ್ಲದವರು ಗಾಳಿಗುಳ್ಳೆಯ ಬಗ್ಗೆ ಎಷ್ಟು ಯೋಚಿಸಿದರೂ ಪ್ರಯೋಜನವಿಲ್ಲ.

ಐವತ್ತು ನಿಮಿಷದ ಒಂದು ಪಾಠ

ಯಾವ ವಿಭಾಗದಲ್ಲಾದರೂ ನಡೆಸಬಹುದಾದ ಪಾಠವಿದು. ಬಾಹ್ಯಾಕಾಶ ನೌಕೆ ಚಾಲೆಂಜರ್ 1986ರ ಜನವರಿ 28ರಂದು ಉಡಾವಣೆಯಾದ 73 ಸೆಕೆಂಡಿಗೆ ಒಡೆದುಹೋಯಿತು, ಏಳು ಮಂದಿ ಸತ್ತರು. ಬೂಸ್ಟರ್ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರಿನ ಓ-ರಿಂಗ್ ಚಳಿಗೆ ಗಡಸಾಗಿ ಅನಿಲವನ್ನು ತಡೆಯಲಿಲ್ಲ. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಚಳಿಯ ಬಗ್ಗೆ ಎಚ್ಚರಿಸಿದ್ದರು.

ಇದೊಂದನ್ನೂ ತರಗತಿಗೆ ಮೊದಲೇ ಹೇಳಬಾರದು. ನೌಕೆಯ ಹೆಸರನ್ನೂ ಎತ್ತಬೇಡಿ. "ಒಂದು ಯಂತ್ರದ ಸೀಲು, ನಾಳೆ 2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚಲಾಯಿಸಬೇಕು" ಎಂದಷ್ಟೇ ಹೇಳಿ, ಸೀಲಿಗೆ ಹಾನಿಯಾದ ಏಳು ಸಂದರ್ಭಗಳ ಪಟ್ಟಿ ಕೊಡಿ. ತಾಪಮಾನ ಸುಮಾರು 12ರಿಂದ 24 ಡಿಗ್ರಿವರೆಗೆ ಹರಡಿದೆ. ತಂಪಿನಲ್ಲೂ ಹಾನಿ, ಬೆಚ್ಚಗಿದ್ದಾಗಲೂ ಹಾನಿ. ಮೊದಲ ಐದು ನಿಮಿಷ ಓದಲು. ಮುಂದಿನ ಏಳು ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಬರೆಯಬೇಕು: ತಾಪಮಾನಕ್ಕೂ ಹಾನಿಗೂ ಸಂಬಂಧವಿದೆಯೇ, ಆಧಾರ ಏನು, ಕೊಂಡಿ ಏನು. ಆಮೇಲೆ ಎಂಟು ನಿಮಿಷ ಪಕ್ಕದವರೊಡನೆ ಚರ್ಚೆ, ನಂತರ ಕೈಯೆತ್ತಿ ಮತ. "ಸಂಬಂಧ ಕಾಣುವುದಿಲ್ಲ" ಎಂಬ ಕಡೆಗೆ ವಾಲುವುದು ಸಹಜ, ಪಟ್ಟಿ ಹಾಗಿದೆ.

ಈಗ ಎರಡನೆಯ ಪಟ್ಟಿ: ಹಾನಿಯಾಗದ ಹಾರಾಟಗಳನ್ನೂ ಸೇರಿಸಿದ್ದು. ಸುಮಾರು 19 ಡಿಗ್ರಿ ಅಥವಾ ಅದಕ್ಕಿಂತ ಮೇಲಿನ 20 ಹಾರಾಟಗಳಲ್ಲಿ ಹಾನಿ 3ರಲ್ಲಿ. ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ 4 ಹಾರಾಟಗಳಲ್ಲಿ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ. ದುರಂತದ ತನಿಖೆ ನಡೆಸಿದ ರೋಜರ್ಸ್ ಆಯೋಗ ತನ್ನ ವರದಿಯಲ್ಲಿ ಬೊಟ್ಟುಮಾಡಿದ್ದು ಇದೇ ವ್ಯತ್ಯಾಸವನ್ನು. ಹತ್ತು ನಿಮಿಷ ಕೊಟ್ಟು ಮೊದಲು ಬರೆದದ್ದನ್ನು ಅಳಿಸದೆ, ಅದರ ಕೆಳಗೇ ತಿದ್ದಿ ಬರೆಯಲು ಹೇಳಿ. ನಾಲ್ಕೇ ಹಾರಾಟಗಳಿಂದ ಎಷ್ಟು ಹೇಳಬಹುದು, 12 ಡಿಗ್ರಿಗಿಂತ ಕೆಳಗಿನ ಅನುಭವವೇ ಇಲ್ಲದಾಗ 2 ಡಿಗ್ರಿಯ ಬಗ್ಗೆ ಏನು ಹೇಳಬಹುದು ಎಂಬುದು ಮಿತಿಯ ಕೆಳಗೆ ಬರಬೇಕು. ಅದಾದ ಮೇಲೆ ಚಾಲೆಂಜರ್ ಹೆಸರು ಹೇಳಿ.

ಕೊನೆಯ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ನುಂಗಬೇಡಿ. ಒಂದು ವಿಷಯದಲ್ಲಿ ಕಲಿತ ತರ್ಕ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ, ದಾಟಿಸಬೇಕು. "ಆಗದೇ ಇದ್ದದ್ದನ್ನು ಎಣಿಸಿದ್ದೇವೆಯೇ?" ಎಂಬ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ತಮ್ಮ ತಮ್ಮ ವಿಷಯದಿಂದ ಒಂದೊಂದು ಉದಾಹರಣೆ ಕೇಳಿ. ಗೆದ್ದ ಕಂಪನಿಗಳನ್ನಷ್ಟೇ ನೋಡಿ ಬರೆದ ಆಡಳಿತ ಸೂತ್ರಗಳು, ಉಳಿದುಬಂದ ದಾಖಲೆಗಳಿಂದಷ್ಟೇ ಕಟ್ಟಿದ ಇತಿಹಾಸ, ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ ರೋಗದ ಲೆಕ್ಕ ಎಲ್ಲ ಹೊರಬರುತ್ತವೆ. ಸಮಾಜಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದವರಿಗೆ ಇದೇ ಮಾದರಿಯ ಇನ್ನೊಂದು ಪಾಠ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶದ ಅಂಕಿಅಂಶ: ಒಟ್ಟಾರೆ ಪುರುಷರಲ್ಲಿ ಶೇ. 44, ಮಹಿಳೆಯರಲ್ಲಿ ಶೇ. 35 ಮಂದಿಗೆ ಪ್ರವೇಶ. ವಿಭಾಗವಾರು ಬಿಡಿಸಿದರೆ ಆ ಅಂತರ ಬಹುಮಟ್ಟಿಗೆ ಕರಗುತ್ತದೆ, ಏಕೆಂದರೆ ಪ್ರವೇಶ ಕಷ್ಟವಿರುವ ವಿಭಾಗಗಳಿಗೆ ಮಹಿಳೆಯರೇ ಹೆಚ್ಚಾಗಿ ಅರ್ಜಿ ಹಾಕಿದ್ದರು.

ತರಗತಿಯಲ್ಲಿ ಕೇಳುವ ರೀತಿ

ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿಬಿಡುತ್ತಾರೆ. ಮನಸ್ಸಿನಲ್ಲಿ ಎಣಿಸಿಕೊಳ್ಳಿ, ಮೊದಲ ವಾರ ಆ ಮೌನ ಅಸಹನೀಯ ಅನ್ನಿಸುತ್ತದೆ. ಉತ್ತರ ಬಂದ ಮೇಲೂ "ಸರಿ" ಅನ್ನುವ ಮೊದಲು ಅಷ್ಟೇ ಕಾಯಿರಿ. ನೂರಿನ್ನೂರು ಮಂದಿಯ ತರಗತಿಯಾದರೆ ಹಾರ್ವರ್ಡಿನ ಎರಿಕ್ ಮಜೂರ್ ಭೌತಶಾಸ್ತ್ರಕ್ಕೆ ರೂಪಿಸಿದ ವಿಧಾನ ಒಗ್ಗುತ್ತದೆ: ಬಹು ಆಯ್ಕೆಯ ಪ್ರಶ್ನೆ, ಮತ, ಸರಿಯುತ್ತರ ಶೇ. 30ರಿಂದ 70ರೊಳಗಿದ್ದರೆ ಅಕ್ಕಪಕ್ಕದವರೊಡನೆ ವಾದ, ಮತ್ತೆ ಮತ. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು, ಹೆಚ್ಚಿದ್ದರೆ ಮುಂದೆ ಹೋಗಬಹುದು.

ಅಂಕ, ಸಮಯ

ಹತ್ತು ಅಂಕಗಳ ಹಂಚಿಕೆ ಹೀಗಿರಲಿ: ಪ್ರತಿಪಾದನೆ 1, ಆಧಾರ 3, ಕೊಂಡಿ 3, ಎದುರುವಾದ 2, ಮಿತಿ 1. ಯಾವ ನಿಲುವು ತಳೆದರು ಎಂಬುದಕ್ಕೆ ಅಂಕವಿಲ್ಲ. ಉತ್ತರ 150 ಪದ ಮೀರಬಾರದು; ಪದಗಳಿಗೆ ಕಡಿವಾಣ ಹಾಕದಿದ್ದರೆ ತಿಳಿದದ್ದೆಲ್ಲ ಸುರಿದು ಕೊಂಡಿಯನ್ನು ಮರೆಮಾಡುತ್ತಾರೆ, ನಿಮಗೂ ತಿದ್ದುವ ಹೊರೆ. ಒಂದಕ್ಕೆ ಎರಡು ನಿಮಿಷದಂತೆ 60 ಉತ್ತರಕ್ಕೆ ಎರಡು ಗಂಟೆ. ಅಂಚಿನಲ್ಲಿ ಉದ್ದುದ್ದ ಟಿಪ್ಪಣಿ ಬರೆಯಬೇಡಿ. ವಾದ ಮುರಿದುಬಿದ್ದ ಒಂದೇ ಜಾಗಕ್ಕೆ ಗೆರೆ ಎಳೆದು, ಆ ಒಂದು ವಾಕ್ಯವನ್ನು ತಿದ್ದಿ ಮರಳಿಸಿದರೆ ಒಂದು ಅಂಕ ಕೊಡಿ. ಕಲಿಕೆ ಹೆಚ್ಚಾಗಿ ನಡೆಯುವುದು ಆ ತಿದ್ದುವಿಕೆಯಲ್ಲಿ.

ಕೆಡುವುದು ಎಲ್ಲಿ

"ಅವರವರ ಅಭಿಪ್ರಾಯ ಅವರವರಿಗೆ" ಎಂಬ ನಿಲುವು ಮೊದಲ ಅಡ್ಡಿ. ಶಿಕ್ಷಕರ ಉತ್ತರವೊಂದೇ ಸರಿ ಎಂದು ನಂಬಿ ಬಂದವರು ಮುಂದಿನ ಹಂತದಲ್ಲಿ ಎಲ್ಲ ಉತ್ತರಗಳೂ ಸಮ ಎಂಬಲ್ಲಿಗೆ ಜಿಗಿಯುವುದನ್ನು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ವಿಲಿಯಂ ಪೆರಿ 1970ರಲ್ಲೇ ದಾಖಲಿಸಿದ್ದಾರೆ. ಒಂದೇ ನಿಲುವಿನ ಎರಡು ಉತ್ತರಗಳನ್ನು, ಒಂದು 8 ಅಂಕದ್ದು, ಇನ್ನೊಂದು 3ರದ್ದು, ಹೆಸರು ತೆಗೆದು ತೋರಿಸಿ. ವ್ಯತ್ಯಾಸ ನಿಲುವಿನಲ್ಲಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ತುದಿಯಲ್ಲಿ ಎಲ್ಲವನ್ನೂ ಅನುಮಾನಿಸುವುದೇ ಜಾಣತನ ಎಂಬ ಚಾಳಿ. ಹಾಗಾಗಿ ಕೊಟ್ಟ ಆಧಾರ ನಿಜಕ್ಕೂ ಗಟ್ಟಿಯಿರುವ, "ಇದನ್ನು ಒಪ್ಪಬಹುದು" ಎಂದು ವಾದಿಸಬೇಕಾದ ಪ್ರಶ್ನೆಗಳೂ ನಡುನಡುವೆ ಇರಲಿ. ತರ್ಕದೋಷಗಳ ಹೆಸರು ಹಿಡಿದು ಎದುರಾಳಿಯ ಬಾಯಿಮುಚ್ಚಿಸುವವರಿಗೆ ಹೆಸರಿಗೆ ಅಂಕ ಕೊಡಬೇಡಿ, ಯಾವ ವಾಕ್ಯದಲ್ಲಿ ಕೊಂಡಿ ಕಳಚಿದೆ ಎಂದು ತೋರಿಸಿದರೆ ಕೊಡಿ.

ತಿಳಿಯದಂತೆ ನುಸುಳುವುದು ಶಿಕ್ಷಕರದೇ ಪಕ್ಷಪಾತ. ನಮಗೊಪ್ಪುವ ನಿಲುವಿನ ಸಡಿಲ ವಾದ ನಮಗೆ ಗಟ್ಟಿಯಾಗಿ ಕಾಣುತ್ತದೆ. ತಿದ್ದಲು ಕೂರುವ ಮೊದಲೇ ಎರಡೂ ನಿಲುವಿನ ಮಾದರಿ ಉತ್ತರ ಬರೆದಿಡಿ. ವಿರುದ್ಧ ನಿಲುವಿಗೆ 8 ಅಂಕದ ಉತ್ತರ ನಿಮಗೇ ಬರೆಯಲಾಗದಿದ್ದರೆ ಪ್ರಶ್ನೆಯನ್ನೇ ಬದಲಿಸಿ, ಅದಕ್ಕೆ ಒಂದೇ ಉತ್ತರವಿದೆ.

ಎಐ ಚಾಟ್‌ಬಾಟ್‌ನಿಂದ ಬರೆಸಿ ತರುವುದಕ್ಕೆ ಪತ್ತೇದಾರಿಕೆ ಫಲ ಕೊಡುವುದಿಲ್ಲ. ಅಂಕದ ಬರವಣಿಗೆಯನ್ನು ತರಗತಿಯಲ್ಲೇ ಕೈಬರಹದಲ್ಲಿ ಮಾಡಿಸಿ. ಮನೆಗೆಲಸಕ್ಕೆ ಚಾಟ್‌ಬಾಟ್‌ನ ಉತ್ತರವನ್ನೇ ಕೊಟ್ಟು ಆಧಾರವಿಲ್ಲದ ಮೂರು ಪ್ರತಿಪಾದನೆ ಹುಡುಕಲು ಹೇಳಿ. ಕಲಿಕೆಯ ಭಾಷೆ ಮನೆಮಾತಲ್ಲದ ವಿದ್ಯಾರ್ಥಿಗಳಿದ್ದರೆ ಕರಡನ್ನು ಅವರ ಮಾತಿನಲ್ಲೇ ಬರೆಯಬಿಡಿ. ಭಾಷೆಯ ತಡವರಿಕೆಯನ್ನು ಯೋಚನೆಯ ದೌರ್ಬಲ್ಯವೆಂದು ಓದುವುದು ಬಹಳ ಸುಲಭ.

ಸೆಮಿಸ್ಟರಿನಿಂದ ಸೆಮಿಸ್ಟರಿಗೆ

ಒಂದು ಹಾಳೆಯಲ್ಲಿ ಎಡಕ್ಕೆ ಪತ್ರಿಕೆಗಳ ಹೆಸರು, ಮೇಲೆ ಐದು ಪದ ಬರೆದು, ಯಾವ ಪತ್ರಿಕೆಯಲ್ಲಿ ಯಾವುದಕ್ಕೆ ಅಂಕವಿದೆಯೋ ಅಲ್ಲಿ ಗುರುತು ಹಾಕಿ. ಆಧಾರದ ಕಾಲಂ ತುಂಬಿ, ಎದುರುವಾದ ಮತ್ತು ಮಿತಿ ಖಾಲಿ ಬಿದ್ದಿರುವುದೇ ಹೆಚ್ಚು. ಮೊದಲ ವರ್ಷ ಬೇರೆಯವರ ಬರಹದಲ್ಲಿ ಐದನ್ನೂ ಗುರುತಿಸುವುದು ಸಾಕು. ಎರಡನೆಯ ವರ್ಷ ಸ್ವಂತ ವಾದ. ಕೊನೆಯ ವರ್ಷ ಐದು ಉಪಶೀರ್ಷಿಕೆಗಳಿಲ್ಲದೆ, ಸಹಜ ಗದ್ಯದಲ್ಲಿ. ಉಪಶೀರ್ಷಿಕೆಗಳನ್ನು ಕೊನೆತನಕ ಉಳಿಸಿಕೊಂಡರೆ ಅದು ಫಾರಂ ತುಂಬುವ ಕೆಲಸವಾಗುತ್ತದೆ.

ಏನಾದರೂ ಬದಲಾಯಿತೇ ಎಂದು ತಿಳಿಯಲು ಮೊದಲ ತಿಂಗಳಲ್ಲೂ ಕೊನೆಯ ತಿಂಗಳಲ್ಲೂ ಒಂದೇ ಮಟ್ಟದ ಪ್ರಶ್ನೆ ಕೊಟ್ಟು, ಹೆಸರು, ದಿನಾಂಕ ಮುಚ್ಚಿ, ಎರಡೂ ಕಟ್ಟುಗಳನ್ನು ಬೆರೆಸಿ, ಬೇರೆ ಬೇರೆ ವಿಭಾಗದ ಇಬ್ಬರಿಂದ ತಿದ್ದಿಸಿ. ಮೊದಲು ಹತ್ತು ಉತ್ತರ ಇಬ್ಬರೂ ತಿದ್ದಲಿ. ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದವನ್ನು ಎದುರುಬದುರು ಕೂತು ಮಾತಾಡಿ, ಆಮೇಲೆ ಉಳಿದವು. ಯಾವುದು ಯಾವ ತಿಂಗಳದ್ದೆಂದು ಅಂಕ ಹಾಕಿದ ಮೇಲೆಯೇ ತೆರೆಯಿರಿ. ಒಟ್ಟು ಅಂಕವನ್ನು ಬಿಟ್ಟು ಕಾಲಂ ಕಾಲಂ ಆಗಿ ಹೋಲಿಸಿ: ಆಧಾರ ಏರಿ ಕೊಂಡಿ ಇದ್ದಲ್ಲೇ ಇದ್ದರೆ, ಮುಂದಿನ ಸೆಮಿಸ್ಟರಿನಲ್ಲಿ ಅದಕ್ಕೆ 3ರ ಬದಲು 4 ಅಂಕ ಕೊಟ್ಟು, ಆ ಒಂದನ್ನು ಆಧಾರದಿಂದ ಕಳೆಯಿರಿ.