ದಾಲ್ ಮಿಲ್ ಆಫೀಸಿಗೆ ಹೊಸ ಪದವೀಧರರನ್ನು ತೆಗೆದುಕೊಳ್ಳುವಾಗ: ಕಲಬುರಗಿಯ ಅನುಭವ

ಹೊಸ ತೊಗರಿ ಡಿಸೆಂಬರ್ ಕೊನೆಗೆ ಕಲಬುರಗಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಬರತೊಡಗುತ್ತದೆ. ಆಮೇಲೆ ಬಿಲ್ಲಿಂಗ್‌ನಲ್ಲಿ ಹೊಸಬರಿಗೆ ಕಲಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಹಾಗಾಗಿ ಬಿ.ಕಾಂ ಮುಗಿಸಿದವರ ನೇಮಕಾತಿಯನ್ನು ನಾನು ಅಕ್ಟೋಬರ್ ಒಳಗೇ ಮುಗಿಸುತ್ತೇನೆ. ಕೊನೆಯ ಅಂಕಪಟ್ಟಿಗೆ ಕಾಯುವುದಿಲ್ಲ. ಐದನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ ನನಗೆ ಸಾಕು.

ಹುಡುಗರನ್ನು ಆರಿಸುವುದು ಸುಲಭ, ಆರಿಸಿದವರು ಬಂದು ಸೇರಿ ಉಳಿಯುವಂತೆ ಮಾಡುವುದೇ ಕಷ್ಟ. ಆಫರ್ ಲೆಟರ್ ತೆಗೆದುಕೊಂಡು ಬಾರದೇ ಹೋಗುವವರ ಕಾರಣ ಬಹುತೇಕ ಸಂಬಳದ ಲೆಕ್ಕದಲ್ಲಿ ಇಲ್ಲವೇ ಬಸ್ಸಿನ ವೇಳೆಯಲ್ಲಿ ಇರುತ್ತದೆ.

ಸಂಬಳ ಹೇಳುವಾಗ ಕೈಗೆ ಬರುವ ಮೊತ್ತವನ್ನೇ ಹೇಳಬೇಕು. ಒಟ್ಟು ₹18,000, ಅದರಲ್ಲಿ ಮೂಲ ವೇತನ ₹15,000 ಎಂದುಕೊಳ್ಳಿ. ಪಿಎಫ್ (ಭವಿಷ್ಯ ನಿಧಿ) ಮೂಲ ವೇತನದ ಶೇ 12ರಂತೆ ₹1,800 ಹೋಗುತ್ತದೆ. ಒಟ್ಟು ಸಂಬಳ ₹21,000 ಮೀರದ ಕಾರಣ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇರುತ್ತದೆ, ಅದು ಒಟ್ಟು ಸಂಬಳದ ಶೇ 0.75ರಂತೆ ₹135. ಕೈಗೆ ಉಳಿಯುವುದು ₹16,065. ಮಾಲೀಕರ ಪಾಲಿನ ಪಿಎಫ್, ಇಎಸ್‌ಐ ಎಲ್ಲ ಕೂಡಿಸಿ ಜಾಹೀರಾತಿನಲ್ಲಿ ₹20,500 ಎಂದು ಬರೆದರೆ, ಮೊದಲ ತಿಂಗಳೇ ಹುಡುಗ ಮೋಸ ಹೋದೆ ಎಂದುಕೊಳ್ಳುತ್ತಾನೆ. ಯುವನಿಧಿ, ಅಂದರೆ ನಿರುದ್ಯೋಗಿ ಪದವೀಧರರಿಗೆ ಸರ್ಕಾರ ಕೊಡುವ ಭತ್ಯೆ, ಪಡೆಯುತ್ತಿರುವವರಿಗೆ, ಕೆಲಸಕ್ಕೆ ಸೇರಿದರೆ ತಿಂಗಳ ಆ ₹3,000 ನಿಲ್ಲುತ್ತದೆ ಎಂಬುದನ್ನೂ ಅದೇ ದಿನ ಹೇಳಿಬಿಡುತ್ತೇನೆ.

ಪರೀಕ್ಷೆಗೆ ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬೇಡ. ಅದಕ್ಕೆ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ನಾನು ಕೈಗೆ ಹತ್ತು ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಚೀಟಿ ಕೊಟ್ಟು, ಎಕ್ಸೆಲ್‌ನಲ್ಲಿ ತುಂಬಲು ಅರ್ಧ ಗಂಟೆ ಕೊಡುತ್ತೇನೆ. ಒಂದು ಚೀಟಿಯಲ್ಲಿ ತುಂಬಿದ ಲಾರಿ 14,320 ಕೆಜಿ, ಖಾಲಿ ಲಾರಿ 5,180 ಕೆಜಿ, ನಿವ್ವಳ 9,410 ಎಂದಿರುತ್ತದೆ. ಸರಿಯಾದದ್ದು 9,140. ಚೀಟಿಯಲ್ಲಿದ್ದುದನ್ನು ಹಾಗೇ ಇಳಿಸಿದವರು ಒಂದು ಕಡೆ. ತಪ್ಪು ಕಂಡು ತಾವೇ ತಿದ್ದಿ ಸುಮ್ಮನಾದವರು ಇನ್ನೊಂದು ಕಡೆ. ‘ಸರ್, ಈ ಚೀಟ್ಯಾಗ ಲೆಕ್ಕ ಕೂಡವಲ್ದು’ ಎಂದು ಎದ್ದು ಬಂದು ಕೇಳುವವರು ನನಗೆ ಬೇಕು, ಏಕೆಂದರೆ ತೂಕದ ಚೀಟಿಯನ್ನು ಕೇಳದೆ ತಿದ್ದುವ ಕೈ ಮುಂದೆ ರೈತರ ಲೆಕ್ಕವನ್ನೂ ತಿದ್ದಬಹುದು. ಇಂಗ್ಲಿಷ್‌ನಲ್ಲಿ ಮೂರು ಸಾಲಿನ ಇಮೇಲ್ ಬರೆದರೆ ಸಾಕು. ಲಾರಿ ಡ್ರೈವರ್‌ಗೆ ಫೋನ್ ಮಾಡಿ ಹಿಂದಿಯಲ್ಲಿ ದಾರಿ ಹೇಳಲು ಬರುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಆಮೇಲೆ ಕಲಿಸಬಹುದು. 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕೆಟ್ ಬೇಳೆಗೆ ಶೇ 5 ಜಿಎಸ್‌ಟಿ ಬೀಳುತ್ತದೆ, 50 ಕೆಜಿ ಚೀಲಕ್ಕೆ ಬೀಳುವುದಿಲ್ಲ ಎಂಬಂಥವನ್ನೂ ಕಲಿಸಬಹುದು.

2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್‌ನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆಳಂದ, ಜೇವರ್ಗಿ ಕಡೆಯ ಹುಡುಗಿಯರಿಗೆ ದಿನಾ ಬಂದು ಹೋಗಲು ಬಸ್ ಖರ್ಚಿಲ್ಲ. ಆದರೆ ಸಂಜೆ ಏಳಕ್ಕೆ ಆಫೀಸ್ ಬಿಟ್ಟರೆ ಪ್ರಯೋಜನವಿಲ್ಲ. ‘ನಮ್ ಹುಡ್ಗೀನ್ನ ಸಂಜೀಕ ಎಷ್ಟಕ್ಕ ಬಿಡ್ತೀರಿ ಸರ್?’ ಎಂದು ತಂದೆ ಫೋನ್ ಮಾಡುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಗಡಿಯಾರದ ಉತ್ತರವನ್ನೇ ಕೊಡಬೇಕು. ದೂರದವರಿಗೆ ಬೆಳಿಗ್ಗೆ 9ರಿಂದ ಸಂಜೆ 5.30 ಎಂದು ಆಫರ್ ಲೆಟರ್‌ನಲ್ಲೇ ಬರೆಯುತ್ತೇನೆ. ಸೀಸನ್‌ನ ತಡರಾತ್ರಿ ಲೋಡಿಂಗ್‌ಗೆ ಊರಲ್ಲೇ ಇರುವವರನ್ನು ಹಾಕುತ್ತೇನೆ.

ಸಂವಿಧಾನದ 371(ಜೆ) ವಿಧಿಯಂತೆ ಸ್ಥಳೀಯರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಇರುವ ನಮ್ಮ ಭಾಗದಲ್ಲಿ ಸರ್ಕಾರಿ ಪರೀಕ್ಷೆಗೆ ಓದದ ಪದವೀಧರರು ಕಡಿಮೆ. ‘ಓದ್ತೀಯೇನು?’ ಎಂದು ಗದರುವಂತೆ ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಯಾವ ಪರೀಕ್ಷೆ ಕಟ್ಟೀರಿ, ಯಾವಾಗ ಐತಿ?’ ಎಂದು ಕೇಳಿ, ಆ ದಿನಕ್ಕೆ ಸಂಬಳ ಸಹಿತ ರಜೆ ಎಂದರೆ ನಿಜ ಹೇಳುತ್ತಾರೆ. ಹೇಳಿ ಹೋಗುವವರು ಇದ್ದರೆ ಬದಲಿ ಆಳು ನೋಡಿಕೊಳ್ಳಲು ಸಮಯ ಸಿಗುತ್ತದೆ.

ಕಾಗದಪತ್ರದಲ್ಲಿ ತೊಡಕಾಗುವುದು ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಮನೆತನದ ಹೆಸರು. ಹೀಗಾದರೆ ಪಿಎಫ್ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ನಿಂತುಬಿಡುತ್ತದೆ. ಆಯ್ಕೆಯಾದ ದಿನವೇ ಆಧಾರ್, ಪ್ಯಾನ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಅಕ್ಷರ ಹೋಲಿಸಿ, ತಿದ್ದಿಸಲು ಕಳಿಸುತ್ತೇನೆ. ಮೂಲ ಅಂಕಪಟ್ಟಿಯನ್ನು ನೋಡಿ ಅಲ್ಲೇ ವಾಪಸ್ ಕೊಡಬೇಕು. ‘ಬಿಟ್ಟು ಹೋಗಬಾರದು’ ಎಂದು ಅದನ್ನು ಕಪಾಟಿನಲ್ಲಿಟ್ಟುಕೊಳ್ಳುವುದು ಅನ್ಯಾಯ.

ತಿಂಗಳ ನಡುವೆ ಸೇರಿದವರಿಗೆ ಅಷ್ಟೇ ದಿನಗಳ ಸಂಬಳವನ್ನು ಅದೇ ತಿಂಗಳ ಕೊನೆಗೆ ಹಾಕಿಬಿಡಬೇಕು. ಮುಂದಿನ ತಿಂಗಳಿಗೆ ಸೇರಿಸಿ ಕೊಡುತ್ತೇವೆ ಎಂದರೆ ರೂಮಿನ ಅಡ್ವಾನ್ಸ್, ಮೆಸ್ ಬಿಲ್ ಕಟ್ಟಲಾಗದೆ ಹುಡುಗರು ಊರಿನ ಬಸ್ ಹತ್ತುತ್ತಾರೆ.